ಜೀನಗಾರ

ಒಂಬತ್ತಕ್ಕೇ ಕೌಲ್‌ಬಜಾರಿನ ತಗಡಿನ ಸೂರು
ರೊಟ್ಟಿ ಹೆಂಚಿನಂತೆ ಕಾದಿತ್ತು.
ಮಸ್ತಾನ್‌ವಲಿ ಹೊಸ ಹಾಜರಿ ಪುಸ್ತಕ ಬಿಚ್ಚಿ ಕೇಳಿದ:
ಹೆಸರು?
ಅಂಬೂಬಾಯಿ.
ಅಡ್ಡಹೆಸರು?
ಜೀನಗಾರ.
ಪೆನ್ನು ನಿಂತಿತು. "ಹುಟ್ಟುವಾಗ್ಲೇ ಜೀನ್ಸ್ ಹೊಲಿಯಾಕ
ಬರಸ್ಕೊಂಡು ಬಂದೀಯಲ್ಲವ್ವ!"
ಇಪ್ಪತ್ತೆರಡು ಮಿಷನ್ನು ಒಮ್ಮೆಲೇ ನಕ್ಕವು.

ನಗಲಿ.
ನಮ್ಮಜ್ಜ, ಕಿನ್ನಾಳದ ಯಂಕೋಬ,
ಹೊಲಿದದ್ದೂ ಜೀನನ್ನೇ, ಕುದುರೆಯದ್ದು.
ಫಾರಸಿ ಮಾತಂತೆ ಅದು. ದಂಡಿನ ಜೊತೆ ಬಂದು
ದಂಡು ಹೋದ ಮೇಲೂ ಉಳಿದು
ನಮ್ಮ ಮನೆಯ ಮೊಳೆಗೆ ನೇತುಬಿದ್ದದ್ದು.
ಕುದುರೆಗಳು ಮುಗಿದವು. ಅಜ್ಜ ಮರದ ಗೊಂಬೆಗೆ
ಬಣ್ಣ ಹಚ್ಚಿದ, ಗೊಂಬೆ ಕುದುರೆಗೆ
ಕೆಂಪು ಬಣ್ಣದ ಜೀನು ಬರೆದ.
ದಬ್ಬಣ ಮಾತ್ರ ಮಾರಲಿಲ್ಲ.

ಅಪ್ಪ ರಾಯಚೂರಿನ ಹತ್ತಿ ಜಿನ್ನಿನಲ್ಲಿ ಹಮಾಲ.
ಅದು ಬೇರೆ ಜಿನ್ನು,
ಎಂಜಿನ್ನಿನ ತಲೆ ಹಾರಿ ಉಳಿದ ಮುಂಡ.
ಪೀಸಿಗೆ ಎಂಟಾಣೆ ಹೆಚ್ಚು ಕೇಳಿದರೆ
ಕಿವುಡಾಗುವ ನಮ್ಮ ಸಾವ್ಕಾರ, ಅವನು ಜೀನ;
ಆ ಮಾತು ಎಲ್ಲಿಂದ ಬಂತೋ
ಲೆಕ್ಕ ಬರೆಯುವ ಹುಸೇನಪ್ಪ ಮೇಷ್ಟ್ರಿಗೂ ಗೊತ್ತಿಲ್ಲ.

ಮಿಕ್ಕದ್ದೆಲ್ಲ ಗೊತ್ತು ಅವರಿಗೆ. ಮಧ್ಯಾಹ್ನ
ಒಗ್ಗರಣೆ ಮಂಡಕ್ಕಿಯ ಪೊಟ್ಟಣ ಬಿಚ್ಚುತ್ತ
"ಜೀನ್ಸ್ ಅಂದ್ರ ಒಂದು ಊರವ್ವ" ಅಂದರು.
ಇಟಲಿಯ ಬಂದರು ಜಿನೋವಾ,
ಫ್ರಾನ್ಸಿನವರ ಬಾಯಲ್ಲಿ ಜೆನ್.
ಅಲ್ಲಿಯ ಒರಟು ಬಟ್ಟೆಗೆ ಊರ ಹೆಸರೇ ಅಂಟಿಕೊಂಡು
ಇಂಗ್ಲಿಷರ ನಾಲಿಗೆಯಲ್ಲಿ ಜೀನ್ ಆಗಿ
ಕಾಲೆರಡು ಅಂತಲೋ ಏನೋ
ಬಾಲಕ್ಕೊಂದು ಸಕಾರ ಹೊಲಿಸಿಕೊಂಡಿತು.
ಡೆನಿಮ್ಮೂ ಹಾಗೇ, ನೀಮ್ ಅಂತ ಊರು.
"ಬೇವಾ ಸಾರ್?" ಅಂದ ಮಸ್ತಾನ್‌ವಲಿ.
"ಬೇವಲ್ಲೋ, ಊರು!"
ಡಂಗ್ರಿಯೂ ಊರೇ, ಮುಂಬೈ ಬಂದರಿನ ಮಗ್ಗುಲ ಡೋಂಗ್ರಿ.

ನನಗೆ ಆಶ್ಚರ್ಯವಾಗಲಿಲ್ಲ.
ಅವ್ವ ಹಬ್ಬಕ್ಕೆ ಇಳಕಲ್ಲು ಉಟ್ಟಾಗ
ಊರು ಉಟ್ಟಳು ಅಂತ ಯಾರೂ ಅಂದಿಲ್ಲ.
ಮೊಣಕಾಲ್ಮೂರು ಮಡಚಿ ಟ್ರಂಕಿನಲ್ಲಿಡುತ್ತೇವೆ,
ಗುಳೇದಗುಡ್ಡಕ್ಕೆ ಗುಂಡಿ ಹಚ್ಚುತ್ತೇವೆ.
ಅಲ್ಲ ಮೇಷ್ಟ್ರೇ, ಅಂದೆ,
ದಿನಕ್ಕಿಷ್ಟು ಲಾರಿ ತುಂಬಿ ಕಳಿಸ್ತೀವಲ್ಲ ಇಲ್ಲಿಂದ,
ಬಳ್ಳಾರಿ ಹಾಕ್ಕೊಂಡು ಬಂದ
ಅಂತ ಯಾವ ಊರಾಗೂ ಯಾಕನ್ನಲ್ಲ?

ಮೇಷ್ಟ್ರು ಅಗಿಯುವುದನ್ನು ನಿಲ್ಲಿಸಿದರು.
ವಾಷಿಂಗ್ ಯುನಿಟ್ಟಿನ ನೀಲಿ ನೀರು
ಚರಂಡಿಯಲ್ಲಿ ತನ್ನ ಪಾಡಿಗೆ ಹರಿಯುತ್ತಿತ್ತು.
ನೀಲಿಯ ಇಂಗ್ಲಿಷ್ ಹೆಸರಲ್ಲಿ, ಇಂಡಿಗೋದಲ್ಲಿ,
ನಮ್ಮ ದೇಶವೇ ಇದೆ, ಅಂದರು ಕೊನೆಗೆ,
ಸಮಾಧಾನಕ್ಕೆ ಅಂತ. ನಾನು ಬೆರಳು ನೋಡಿಕೊಂಡೆ.
ಉಗುರಿನ ಸಂದಿಯಲ್ಲಿ ಇತ್ತು, ನಿಜ.
ಸಬಕಾರಕ್ಕೆ ಹೋಗುವುದಿಲ್ಲ ಅದು.

ಜೀನಿಗೂ ಜೀನ್ಸಿಗೂ ರಕ್ತಸಂಬಂಧವಿಲ್ಲ.
ಒಂದು ಹಡಗಿನಲ್ಲಿ ಬಂತು, ಒಂದು ಕುದುರೆಯ ಬೆನ್ನಿನಲ್ಲಿ.
ಗುಂತಕಲ್ಲಿನ ರೈಲಿನಲ್ಲಿ ಎದುರುಬದುರು ಕೂತ ಇಬ್ಬರು
ಮೂಗು ಒಂದೇ ಥರ ಅಂತ
ಊರು ಕೇಳಿಕೊಂಡ ಹಾಗೆ, ಅಷ್ಟೇ.
ಆದರೂ ನೋಡಿ, ಎರಡರ ಚಾಕರಿಯೂ ಒಂದೇ:
ಕೂತವನ ಕುಂಡಿ ಕಾಯುವುದು.
ಅಜ್ಜನಿಗೆ ಇದನ್ನು ಹೇಳಿದ್ದರೆ
ಎಲೆಅಡಿಕೆ ಉಗುಳಿ ನಗುತ್ತಿದ್ದ.

ನನಗೆ ಕೊಟ್ಟ ಕೆಲಸ ಸೊಂಟಪಟ್ಟಿಯ ಹಿಂದೆ
ಎರಡಿಂಚು ಚರ್ಮದ ಬಿಲ್ಲೆ ಕೂರಿಸುವುದು.
ಬಿಲ್ಲೆಯ ಮೇಲೆ ಯಾವುದೋ ಕಂಪನಿಯ ಇಂಗ್ಲಿಷ್ ಹೆಸರು,
ಹೆಸರಿನ ಕೆಳಗೆ ನಾಲ್ಕೂ ಕಾಲು ಎತ್ತಿ ಓಡುವ ಕುದುರೆ.
ಮೊದಲ ದಿನವೇ ಕಂಡಿದ್ದೆ, ಬೆನ್ನು ಬೋಳು.
ಜೀನಿಲ್ಲ.

ಸೂಜಿ ಇಳಿಸುತ್ತೇನೆ.
ನಾಲ್ಕು ಕಡೆ ನಾಲ್ಕು ಗೆರೆ, ಹಳದಿ ದಾರ.
ಕುದುರೆಯ ಬೆನ್ನಿನ ಹತ್ತಿರ ಬಂದಾಗ ಮಾತ್ರ
ಪೆಡಲಿನ ಮೇಲೆ ಕಾಲು ತಾನೇ ಹಗುರಾಗುತ್ತದೆ.
"ಏ ಜೀನಗಾರ, ನಿದ್ದಿ ಬಂತೇನು?" ಅನ್ನುತ್ತಾನೆ ಮಸ್ತಾನ್‌ವಲಿ.