ಕಾಲು ಪಾಲು

ನಕ್ಷೆ ಬಂದದ್ದು ಹಾಲೆಂಡಿನಿಂದ, ಕೊಳವೆಯೊಳಗೆ ಸುತ್ತಿಕೊಂಡು.
ಏಳು ಹಾಳೆ. ಊಟದ ಮೇಜಿನ ಮೇಲೆ ಹಾಸಿದರೆ
ರೆಕ್ಕೆಯ ತುದಿ ಫ್ರಿಜ್ಜಿನ ಬಾಗಿಲಿಗೆ ಮುಟ್ಟಿತು.
ನಾಲ್ಕರಲ್ಲೊಂದು ಅಳತೆ. ಎರಡೂ ಮುಕ್ಕಾಲು ಮೀಟರ್.
‘ಇದು ಬಾಗಿಲು ದಾಟುತ್ತದಾ?’ ಎಂದಳು ಸಿರ್ಕಾ,
ಕಾಫಿ ಲೋಟ ಇಡಲು ಜಾಗ ಕಾಣದೆ.

ಹಾಗಾಗಿ ಮೊದಲು ಅಳೆದದ್ದು ವಿಮಾನವನ್ನಲ್ಲ,
ಹಳೆಯ ವೋಲ್ವೊದ ಹಿಂಬದಿಯನ್ನು.
ಮುಂದಿನ ಸೀಟು ಮಡಚಿದರೆ ಇನ್ನೊಂದಿಷ್ಟು ಸಿಗುತ್ತದೆ;
ಮಡಚಿದರೆ ಅವಳು ಎಲ್ಲಿ ಕೂರಬೇಕೆಂಬ ಪ್ರಶ್ನೆ ಬಾಕಿಯಿದೆ.
ನಕ್ಷೆಯಲ್ಲಿ ರೆಕ್ಕೆ ಒಂದೇ ತುಂಡು.
ಕೆಂಪು ಪೆನ್ಸಿಲಿನಲ್ಲಿ ಮೂರಾಗಿ ಕಡಿದೆ.
ಕಡಿಯುವುದು ಸುಲಭ. ಕೂಡಿಸುವ ಕಾರ್ಬನ್ ಕೊಳವೆ
ಎಷ್ಟನೆಯ ಪಕ್ಕೆಲುಬಿನ ತನಕ ಹೋಗಬೇಕು,
ಎಲ್ಲಿ ಬಾಲ್ಸಾ ಬಿಟ್ಟು ಬರ್ಚ್ ಪ್ಲೈವುಡ್ ಹಾಕಬೇಕು
ಎಂಬುದಕ್ಕೆ ಎರಡು ತಿಂಗಳು, ಒಂದು ಜಗಳ.
ಅಷ್ಟರಲ್ಲಿ, ಕೂಸು ಹುಟ್ಟುವ ಮೊದಲೇ ಕುಲಾವಿ:
ಹಳೆಯ ಪರದೆ ಕತ್ತರಿಸಿ ರೆಕ್ಕೆಗೆ ಚೀಲ ಹೊಲಿದುಬಿಟ್ಟಿದ್ದಾಳೆ,
ಹಳದಿ ಹೂವಿನದು, ಗುಂಡಿ ಸಮೇತ.
ಚೀಲದ ಅಳತೆಗೆ ರೆಕ್ಕೆಯನ್ನೇ ತಿದ್ದಿದೆ, ಒಂದು ಸೆಂಟಿಮೀಟರ್.
ಯಾರಿಗೂ ಹೇಳಿಲ್ಲ.

ಕಾಲು ಅಳತೆಯ ವಿಮಾನಕ್ಕೆ ಈಗ ಕಾಲಿನದೇ ಚಿಂತೆ.
ಡಚ್ಚರವನು ಚಕ್ರ ಬರೆದಿದ್ದಾನೆ, ಚಕ್ರಕ್ಕೆ ಚಂದದ ಬೂಟು.
ನಮ್ಮಲ್ಲಿ ಆ ಚಳಿಗಾಲ ಅದು ಎದ್ದದ್ದು ಹೆಪ್ಪುಗಟ್ಟಿದ ಸರೋವರದಿಂದ,
ಸ್ಕೀ ಕಟ್ಟಿಕೊಂಡು.
ಚಿಕ್ಕಪ್ಪ ತಾವೆತ್ತಿ ಅಲ್ಲಿ ಮೆಕ್ಯಾನಿಕ್. ಹತ್ತೊಂಬತ್ತು ವರ್ಷ.
ಮೈನಸ್ ಮೂವತ್ತೆಂಟರಲ್ಲಿ ಬರಿಗೈಯಲ್ಲಿ ನಟ್ಟು ತಿರುಗಿಸಿ
ಎರಡು ಬೆರಳಿನ ಚರ್ಮ ಸ್ಪ್ಯಾನರಿಗೇ ಬಿಟ್ಟು ಬಂದವನು.
ಅವನ ಬಳಿ ಇದ್ದದ್ದು ಒಂದೇ ಫೋಟೊ:
ಸ್ಕೀಯ ಮೂಗು ಎತ್ತಿಹಿಡಿಯಲು ರಬ್ಬರ್ ಹಗ್ಗ,
ಎಡ ಮಗ್ಗುಲಲ್ಲಿ, ಬಾಲದ ಹತ್ತಿರ, ಒಂದು ತೇಪೆ.
ಆಸ್ಪತ್ರೆಯ ಹಾಸಿಗೆ ಬಟ್ಟೆ ಅಂದಿದ್ದ ಒಮ್ಮೆ, ಮೀನು ಸೀಳುತ್ತಾ.
ಮುಂದಕ್ಕೆ ಕೇಳಿದರೆ ಮೀನಿನ ಬಗ್ಗೆ ಮಾತಾಡಿದ.

ನಕ್ಷೆಯಲ್ಲಿ ತೇಪೆ ಇಲ್ಲ. ನಕ್ಷೆಗೆ ಗುಂಡು ತಾಗಿರಲಿಲ್ಲ.
ನಾನು ಸೇರಿಸಿದೆ: ಅವನ ಅಂಗೈಯಗಲ,
ನನ್ನ ಅಳತೆಗೆ ಹೆಬ್ಬೆರಳ ತುದಿ.

ಮೊಮ್ಮಗಳು ಕೆರ್ತು ಬಣ್ಣದ ಹಾಳೆ ನೋಡಿ
‘ಅಜ್ಜ, ಈ ಗುರುತು ಸಿನಿಮಾದ ಕೆಟ್ಟವರದ್ದಲ್ಲವಾ?’ ಅಂದಳು.
ನಮ್ಮದು ಅವರದಕ್ಕಿಂತ ಹಳೆಯದು, ನೀಲಿಯದು, ಬೇರೆಯದು...
ಹೇಳಿ ಮುಗಿಸುವಷ್ಟರಲ್ಲಿ ನನಗೇ ಬಾಯಿ ಒಣಗಿತ್ತು.
ಬಿಳಿ ವೃತ್ತವನ್ನಷ್ಟೇ ಬಳಿದಿದ್ದೇನೆ. ಒಳಗೆ ಏನೂ ಇಲ್ಲ.
ಗೆಳೆಯ ಉಂತಮೊ ಬಂದು ಸುತ್ತ ಒಂದು ಸುತ್ತು ಹಾಕಿ,
‘ರಿವೆಟ್ಟು ಎಣಿಸಿ ಹಾಕಿದವನು ಇಲ್ಲಿ ಯಾಕೆ’ ಎಂದು ಶುರುಮಾಡಿ,
ಒಲೆಗೆ ಒಂದು ಕಟ್ಟಿಗೆ ತುರುಕಿ ಸುಮ್ಮನಾದ.

ನವೆಂಬರಿನಲ್ಲಿ ತೂಗಿದೆ. ಎರಡೂ ರೆಕ್ಕೆಯ ಕೆಳಗೆ ಬೆರಳಿಟ್ಟು,
ಮುಂದಂಚಿನಿಂದ ಹನ್ನೊಂದು ಸೆಂಟಿಮೀಟರಿಗೆ, ಎತ್ತಿದರೆ
ಬಾಲ ಕುಸಿಯಿತು.
ಮೋಟು ಮೂಗಿನ ವಿಮಾನದ ಹಣೆಬರಹ.
ಬ್ಯಾಟರಿ ಮುಂದಕ್ಕೆ, ಪೆಟ್ರೋಲ್ ಟ್ಯಾಂಕು ಮುಂದಕ್ಕೆ,
ಎರಡು ಸರ್ವೋ ಮುಂದಕ್ಕೆ. ಆದರೂ ಬಾಲದ್ದು ಒಂದೇ ಹಟ.
ಸೀಸ ಬೇಕು. ನಾನೂರ ಅರವತ್ತು ಗ್ರಾಂ.
ಅಟ್ಟದ ಮೇಲೆ ಚಿಕ್ಕಪ್ಪನ ಗಾಳದ ಪೆಟ್ಟಿಗೆ,
ಒಳಗೆ ಅವನೇ ಮರದ ಅಚ್ಚಿನಲ್ಲಿ ಎರೆದ ಗುಂಡುಗಳು,
ಒಂದರಂತೆ ಇನ್ನೊಂದಿಲ್ಲ.
‘ಕರಗಿಸಬೇಡ, ಹಾಗೇ ಇಡು’ ಎಂದಳು ಸಿರ್ಕಾ.
ಒಂದೊಂದಾಗಿ ಮೂಗಿನೊಳಗೆ, ಎಪಾಕ್ಸಿ ಬಳಿದು,
ಹದಿಮೂರು.
ಹದಿನಾಲ್ಕನೆಯದಕ್ಕೆ ಬಾಲ ಮೆಲ್ಲಗೆ ಎದ್ದಿತು,
ಕರೆದದ್ದು ತಡವಾಗಿ ಕೇಳಿಸಿದ ಮುದಿನಾಯಿಯ ಹಾಗೆ.

ಇವತ್ತು ಬೆಳಿಗ್ಗೆ ನ್ಯಾಸಿಯಾರ್ವಿಯ ದಂಡೆಯಲ್ಲಿ
ಮಂಜುಗಡ್ಡೆ ಕೊರೆದು ನೋಡಿದೆ. ಏಳು ಸೆಂಟಿಮೀಟರ್.
ವಿಮಾನಕ್ಕೆ ಸಾಕು.
ಅದನ್ನು ಹೊತ್ತು ನಡೆಯುವ ಮುದುಕನಿಗೆ ಸಾಲದು.
ಹಳದಿ ಹೂವಿನ ಚೀಲ ಗೋಡೆಯ ಮೊಳೆಗೆ ತೂಗುತ್ತಿದೆ.
ಹೋಗುತ್ತಾ ಬರುತ್ತಾ ಗುಂಡಿ ಬಿಚ್ಚುತ್ತೇನೆ, ಹಾಕುತ್ತೇನೆ.