ಮೈನಸ್ ಐದು

ಕಪನೂರಿನ ಬೇಳೆಮಿಲ್ಲಿನ ಮೇಲಿನ ಕೋಣೆ.
ಪಂಖಾ ಬಿಸಿಲನ್ನೇ ಕಲಸುತ್ತದೆ.
ನಾನೂ ಮೆಹಜಬೀನಳೂ ಎದುರುಬದುರು ಕೂತು
ಕಾಣದ ಊರುಗಳ ಪ್ರೋಗ್ರಾಮರುಗಳು
ತಮ್ಮ ತಮ್ಮಲ್ಲಿ ಬರೆದುಕೊಂಡದ್ದನ್ನು ಓದುತ್ತೇವೆ,
ಸಿಟ್ಟೋ, ಖುಷಿಯೋ, ಎರಡೂ ಅಲ್ಲವೋ, ಗುರುತು ಹಾಕುತ್ತೇವೆ.
ಸಾಲಿಗೆ ಎಪ್ಪತ್ತು ಪೈಸೆ.

ನಮಗಿಂತ ಮೊದಲು ಯಂತ್ರ ಓದಿರುತ್ತದೆ.
'ತಾಯಿ ಸತ್ತರೂ ಮಗು ಉಳಿದಿದೆ, ಮೊದಲು ಅದನ್ನು ಕೊಲ್ಲು'
ಎಂಬಲ್ಲಿ ಬೆಚ್ಚಿಬಿದ್ದು ಮೈನಸ್ ನಾಲ್ಕು ಹಾಕಿದೆ.
ಅದು ಪ್ರೋಸೆಸ್ಸಿನ ಮಾತು ಯವ್ವಾ,
ಯಾರೂ ಸತ್ತಿಲ್ಲ, ಸರ್ವರ್ ಒಂಚೂರು ಹಗುರಾಯಿತು.
ಸೊನ್ನೆ ಎಂದು ತಿದ್ದಿದೆ.
'ಅಂತೂ ಸತ್ತಿತು ಈ ಹಾಳು ಬಗ್!' ಅದಕ್ಕೂ ಮೈನಸ್.
ಆ ಉದ್ಗಾರಚಿಹ್ನೆಯಲ್ಲಿ ಯಾರೋ ಕುರ್ಚಿ ಹಿಂದಕ್ಕೆ ತಳ್ಳಿ
ಎದ್ದು ನಿಂತದ್ದು ಅದಕ್ಕೆ ಕೇಳಿಸಿಲ್ಲ.
'ಧನ್ಯವಾದ. ಇದನ್ನು ನಾಲ್ಕನೇ ಸಲ ಹೇಳುತ್ತಿದ್ದೇನೆ.'
ಪ್ಲಸ್ ಎರಡು!
ಮೆಹಜಬೀನ್ ಮೇಜಿಗೆ ಹಣೆ ಹಚ್ಚಿ ನಕ್ಕಳು.

ಕೆಳಗೆ ಸಾರ್ಟೆಕ್ಸ್ ಓಡುತ್ತಿರುತ್ತದೆ.
ಬೀಳುವ ತೊಗರಿಬೇಳೆಯ ಬಣ್ಣ ನೋಡಿ
ಕಪ್ಪು ಕಂಡರೆ ಫಟ್ಟನೆ ಗಾಳಿ ಊದಿ ಆಚೆ ಒಗೆಯುತ್ತದೆ.
ಒಗೆದದ್ದನ್ನು ಮೊರಕ್ಕೆ ಸುರಿದುಕೊಂಡು ಚಂದಮ್ಮ ಆರಿಸುತ್ತಾಳೆ:
'ಇದು ಹುಳಾ ತಿಂದದ್ದು, ಹೋಗ್ಲಿ.
ಇದಕ್ಕೇನಾಗ್ಯಾದ? ಸಿಪ್ಪಿ ಅಂಟ್ಯಾದ ಅಷ್ಟೇ, ಛಲೋ ಬ್ಯಾಳಿ.
ಮಷಿನಿಗಿ ಕಣ್ಣ ಅವ, ಉಗುರಿಲ್ಲ ನೋಡು.'

ರೊಟ್ಟಿ ಬಿಚ್ಚುವಾಗ ಅವಳಿಗೆ ನಮ್ಮ ಕೆಲಸ ಹೇಳಿದೆ.
'ಬೈದದ್ದು ಖರೇನೋ ಸುಳ್ಳೋ ಅಂತ ನೋಡ್ಲಾಕ ಪಗಾರಾ?'
ಅಷ್ಟರಲ್ಲಿ ಮೊಮ್ಮಗ ಬುತ್ತಿಗೆ ಕೈ ಹಾಕಿದ.
'ಮುರ್ದಾರ್, ನಿನ್ನ ಹೆಣಾ ಎತ್ಲಿ, ಕೈ ತೊಳ್ಕೊಂಡ್ ಬಾ'
ಎನ್ನುತ್ತ ತನ್ನ ಪಾಲಿನ ಶೇಂಗಾಹಿಂಡಿಯನ್ನೆಲ್ಲ
ಅವನ ರೊಟ್ಟಿಯ ಮೇಲೆ ಬಗ್ಗಿಸಿದಳು.
'ಮೈನಸ್ ಐದು' ಎಂದಳು ಮೆಹಜಬೀನ್ ನನ್ನ ಕಿವಿಯಲ್ಲಿ.

ಸಂಜೆ ಬಂದದ್ದು ಒಂದು ಸಾಲು.
ಬರೆದ ಹೊತ್ತು ರಾತ್ರಿ ಮೂರು ಹನ್ನೆರಡು.
'ಸರಿಪಡಿಸಿದ್ದೇನೆ. ಇನ್ನು ಮುಂದೆ ನೀವೇ ನೋಡಿಕೊಳ್ಳಿ.'
ಯಂತ್ರ: ಸೊನ್ನೆ. ಮೆಹಜಬೀನ್: ಸೊನ್ನೆ.
ನನ್ನ ಕೈ ಮುಂದೆ ಹೋಗಲಿಲ್ಲ.
ಹಿಂದಿನ ಸಾಲುಗಳನ್ನು ಹುಡುಕಿದೆ, ಅದೇ ಮನುಷ್ಯನವು.
ಹನ್ನೊಂದು ದಿನದ ಹಿಂದೆ ಕಾಗುಣಿತ ತಪ್ಪುತ್ತಿದ್ದ,
ತನ್ನ ಕೋಡನ್ನು ತಾನೇ ಕತ್ತೆ ಎಂದು ಬೈದುಕೊಳ್ಳುತ್ತಿದ್ದ,
ಒಂದು ಕಡೆ ತನ್ನ ಬೆಕ್ಕಿನ ಸುದ್ದಿಯೂ ಇತ್ತು.
ಬರುಬರುತ್ತ ತಪ್ಪು ನಿಂತಿತು. ಬೈಗುಳವೂ ನಿಂತಿತು.

'ಊಹೆ ಮಾಡಬಾರದು, ನಿಯಮ ಏಳು' ಎಂದಳು ಅವಳು.
'ನಮ್ಮಿಬ್ಬರ ಒಮ್ಮತ ಇಳಿದರೆ ಸಾಹೇಬರಿಗೆ ಯಾರು ಹೇಳೋರು?'
ಸರಿಯೇ. ಅವಳ ಮಾತಿನಲ್ಲಿ ತಪ್ಪಿಲ್ಲ.
ಎಪ್ಪತ್ತು ಪೈಸೆಗೆ ನಾನು ಎಷ್ಟು ದೂರ ಹೋಗಲಿ,
ಹೋಗಿ ಯಾವ ಊರಿನ ಯಾವ ಬಾಗಿಲು ಬಡಿಯಲಿ?

ಕರೆಂಟು ಹೋಗಿ ಕೆಳಗೆ ಸಾರ್ಟೆಕ್ಸ್ ನಿಂತಿತು.
ಬ್ಯಾಟರಿಯ ಬೆಳಕಲ್ಲಿ ಪರದೆ ತುಂಬ ಬೇಳೆಯ ಹಳದಿ ಧೂಳು.
ಆ ಸಾಲಿನ ಕೊನೆಯ ಚುಕ್ಕಿಯೂ
ಧೂಳೇ ಇರಬಹುದೆಂದು ಉಗುರಿನಿಂದ ಕೆರೆದೆ.
ಹೋಗಲಿಲ್ಲ.