ಹೊಳೆಯಿಲ್ಲದ ಊರಿನ ದೋಣಿ

ಬರೆಯುವುದು ಲೋಡ್ಜ್ ಎಂದು, ಕರೆಯುವುದು ವೂಚ್ ಎಂದು.
ಪೋಲಿಷ್ ಮಾತಿನಲ್ಲಿ ದೋಣಿ.
ಹೊಳೆಗಳನ್ನೆಲ್ಲ ಕೊಳವೆಗೆ ತುರುಕಿ
ಮೇಲೆ ಬಟ್ಟೆಗಿರಣಿ ಕಟ್ಟಿಕೊಂಡ ಊರಿಗೆ
ದೋಣಿಯ ಹೆಸರು ಯಾಕೋ!
ನನ್ನನ್ನು ಕೇಳಬೇಡಿ, ನಾನು ಗಾಜು ತೊಳೆಯುವವನು.
ಡಾಕ್ಟರ್ ಯಾದ್ವಿಗಾ ಸೊಬೊಲ್ ಅವರ ಪ್ರಯೋಗಾಲಯದಲ್ಲಿ
ಇಪ್ಪತ್ತಾರು ವರ್ಷ
ತೊಳೆದೆ, ಹಬೆಯಲ್ಲಿ ಬೇಯಿಸಿದೆ, ಒಣಗಿಸಿದೆ,
ದಿನ ಬಿಟ್ಟು ದಿನ ಜೀವಕೋಶಗಳಿಗೆ ಉಣಬಡಿಸಿದೆ.

ಇವತ್ತು ಫ್ರೀಜರ್ ಖಾಲಿ ಮಾಡುವ ದಿನ.
ಮೈನಸ್ ಎಂಬತ್ತು. ಬಾಗಿಲು ತೆಗೆದರೆ
ಬಿಳಿ ಹೊಗೆ ಬಂದು ಕಾಲಿಗೆ ಬೀಳುತ್ತದೆ.
ಅವರು ನಳಿಕೆ ಎತ್ತಿ ಓದುತ್ತಾರೆ,
ನಾನು ಪಟ್ಟಿಯಲ್ಲಿ ಗೆರೆ ಎಳೆಯುತ್ತೇನೆ.

ಫೆಬ್ರವರಿ, ತೊಂಬತ್ತೊಂಬತ್ತು. ಎಡ ಶ್ವಾಸಕೋಶ, ಕೆಳಭಾಗ.
ನಾಲ್ಕು ತಿಂಗಳ ಕೂಸು.
ಹೆಸರು ಬರೆಯುವಂತಿಲ್ಲ, ನಿಯಮ.
ಓದುವಾಗ ಅವರು ತುಸು ನಿಂತರು,
ಆ ಜಾಗದಲ್ಲೊಂದು ಹೆಸರಿತ್ತು.

ಉಸಿರುನಾಳದ ಒಳಮೈ ಮಖಮಲ್ಲು, ಎನ್ನುತ್ತಿದ್ದರು ಹೊಸ ಹುಡುಗರಿಗೆ.
ಕಣ್ಣಿಗೆ ಕಾಣದ ಪೊರಕೆಗಳು
ಹಗಲೂ ಇರುಳೂ ಕಸವನ್ನು ಮೇಲೆ ಮೇಲೆ ಗುಡಿಸುತ್ತವೆ.
ಅವರ ತಾಯಿ ಮಗ್ಗಗಳ ಅಡಿಯಲ್ಲಿ ಹತ್ತಿಯ ನವಿರು ಗುಡಿಸಿದವಳು.
ಇದನ್ನು ಮಾತ್ರ ಯಾವ ಹುಡುಗರಿಗೂ ಹೇಳಲಿಲ್ಲ,
ನನಗೆ ಒಮ್ಮೆ, ಲಿಫ್ಟ್ ಕೆಟ್ಟು ಸಿಕ್ಕಿಕೊಂಡಾಗ.

ವೈರಸ್ಸು ಬಾಗಿಲು ಒಡೆಯುವುದಿಲ್ಲ,
ಬೀಗದ ಕೈ ತಂದಿರುತ್ತದೆ.
ಮೊದಲು ಪೊರಕೆಗಳು ಸುಮ್ಮನಾಗುತ್ತವೆ.
ನೆರೆಮನೆಯ ಗೋಡೆ ಕರಗಿ ನಾಲ್ಕು ಮನೆ ಒಂದಾಗುತ್ತವೆ.
ಆಮೇಲೆ ನೀರು.
ಗಾಳಿಗೆಂದು ಮಾಡಿದ ಪುಟ್ಟ ಪುಟ್ಟ ಕೋಣೆಗಳಿಗೆ ನೀರು,
ಒಣ ಹಾಸಿಗೆಯ ಮೇಲೆ ಮನುಷ್ಯ ಮುಳುಗುತ್ತಾನೆ
ದೋಣಿ ಎಂಬ ಊರಿನಲ್ಲಿ.

ಅವರು ಕಂಡುಕೊಂಡದ್ದು ಒಂದೇ ಮಾತು:
ಕೆಲವರಲ್ಲಿ, ಕಳ್ಳ ಹೋಗಿ ಮೂರು ದಿನವಾದ ಮೇಲೂ
ಕಳ್ಳನನ್ನು ಹುಡುಕುತ್ತ
ಮನೆಯವರೇ ಮನೆ ಸುಡುತ್ತಾರೆ.
ಈ ಮಾತಿಗೆ ಹನ್ನೊಂದು ವರ್ಷ ಹಿಡಿಯಿತು.
ಎರಡು ಸಲ ಪತ್ರಿಕೆಯವರು ಹಿಂದಿರುಗಿಸಿದರು.
ಒಂದು ಸಲ ತಪ್ಪು ನನ್ನದು:
ಹಬೆಯ ಪೆಟ್ಟಿಗೆ ಸರಿಯಾಗಿ ಮುಚ್ಚದೆ
ನಾಲ್ಕು ತಿಂಗಳ ಕೆಲಸವನ್ನು ಬೂಷ್ಟು ತಿಂದಿತು.
ಬಯ್ಯಲಿಲ್ಲ.
ಡಬ್ಬಿ ತೆರೆದು ಉಪ್ಪುಸೌತೆ ಮುಂದಿಟ್ಟರು,
ಇಬ್ಬರೂ ಮಾತಿಲ್ಲದೆ ಕಡಿದೆವು,
ಆ ಸದ್ದು ಎಷ್ಟು ದೊಡ್ಡದಾಗಿತ್ತೆಂದರೆ!

ಜಗತ್ತೇ ಬಾಯಿ ಮುಚ್ಚಿಕೊಂಡ ಆ ವರ್ಷ
ಟೀವಿಯವರು ಬಂದರು, ದೀಪ ಹಚ್ಚಿದರು.
ಯಾವಾಗ ಮುಗಿಯುತ್ತದೆ? ಗೊತ್ತಿಲ್ಲ.
ಮಕ್ಕಳಿಗೇನಾಗುತ್ತದೆ? ಇನ್ನೂ ಗೊತ್ತಿಲ್ಲ.
ಅಂದಾಜು? ಗೊತ್ತಿಲ್ಲದ್ದನ್ನು ಅಂದಾಜು ಎನ್ನಲಾರೆ.
ಅವರು ಮತ್ತೆ ಬರಲಿಲ್ಲ.
ಆ ರಾತ್ರಿ ಆಸ್ಪತ್ರೆಯಿಂದ ಬಂದ ತುಣುಕುಗಳನ್ನು
ಬೆಳಗಾಗುವವರೆಗೆ ಕೊಯ್ದರು, ಬಣ್ಣ ಹಾಕಿದರು.
ಕನ್ನಡಕ ಮಂಜಾಗುತ್ತಿತ್ತು, ಮುಖಗವಸಿನಿಂದ
ಇರಬೇಕು.

ತಳದಲ್ಲೊಂದು ನಳಿಕೆ, ಶಾಯಿ ಅಳಿಸಿಹೋಗಿದೆ.
ಬೆಳಕಿಗೆ ಹಿಡಿದರು, ತಿರುಗಿಸಿದರು.
ಯಾರೋ ಉಸಿರಾಡಿದ್ದು.
ಪಟ್ಟಿಯಲ್ಲಿ ಇಲ್ಲದ್ದನ್ನು ಹೇಗೆ ಹೊಡೆದುಹಾಕಲಿ?
ಮತ್ತೆ ಒಳಗಿಟ್ಟು ಬಾಗಿಲು ಹಾಕಿದರು.

ಉಳಿದದ್ದು ಒಂದು ತಟ್ಟೆ.
ಕೆಳಗೆ ಸಾರು, ಮೇಲೆ ಗಾಳಿ, ನಡುವೆ ತೆಳ್ಳನೆಯ ಪದರ.
ಸೂಕ್ಷ್ಮದರ್ಶಕಕ್ಕೆ ಬಾಗಿದರು, ಆಮೇಲೆ ನನ್ನನ್ನೂ ಬಗ್ಗಿಸಿದರು:
ಗುಡಿಸುತ್ತಿವೆ.
ಗಂಟಲಿಲ್ಲ, ಎದೆಯಿಲ್ಲ, ಕೆಮ್ಮುವವರಿಲ್ಲ,
ಗುಡಿಸುತ್ತಲೇ ಇವೆ.

ಕೋಟು ಹಾಕಿಕೊಳ್ಳುತ್ತ ಅಂದರು:
ನಾಳೆ ಇವಕ್ಕೆ ಊಟ ಹಾಕಬೇಕಲ್ಲ.
ನಾಳೆ ಶನಿವಾರ, ರಜೆ.
ಬರುತ್ತೇನೆ ಎಂದೆ.